ಶುಕ್ರವಾರದ ಎರರ್

"ನಾನು ಪಾಸ್‌ವರ್ಡ್ ತಪ್ಪು ಹಾಕ್ತಿಲ್ಲ. ಅದನ್ನ ಮೊದ್ಲೇ ಹೇಳ್ಬಿಡ್ತೀನಿ."

ಚನ್ನವೀರ ಇನ್ನೂ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಅರೆಕೆರೆಯ ಆ ವಾಟರ್ ಟ್ಯಾಂಕರ್ ಆಫೀಸಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದ. ಮೇಜಿನ ಹಿಂದಿನ ಹುಡುಗಿ ಅವನ ಕಡೆ ತಿರುಗಿಯೂ ನೋಡದೆ ಕೀಬೋರ್ಡ್ ಕುಟ್ಟುತ್ತಿದ್ದಳು. ಕೂದಲನ್ನು ಗಂಟು ಹಾಕಿ ಅದಕ್ಕೊಂದು ಬಾಲ್‌ಪೆನ್ ಸಿಕ್ಕಿಸಿಕೊಂಡಿದ್ದಳು.

"ನಾ ಏನೂ ಅಂದೇ ಇಲ್ಲಲ್ರೀ," ಎಂದ.

"ನಿಮ್ಮ ಆಫೀಸಿನವ್ರು ಫೋನಲ್ಲಿ ಅಂದ್ರು. ಮೇಡಂ, ಕ್ಯಾಪ್ಸ್ ಲಾಕ್ ಆನ್ ಆಗಿದ್ಯಾ ನೋಡಿ ಅಂತ. ನಾನು ಬಿ.ಕಾಂ. ಮಾಡಿರೋಳು. ಕ್ಯಾಪ್ಸ್ ಲಾಕ್ ಗೊತ್ತಾಗಲ್ವಾ ನಂಗೆ?"

ಆಗ ತಿರುಗಿದಳು. ಸಿಟ್ಟಿನಲ್ಲಿರುವ ಕಣ್ಣು ಅಷ್ಟು ಚೆನ್ನಾಗಿರುವುದು ನ್ಯಾಯವಲ್ಲ. ಹೆಲ್ಮೆಟ್ ತೆಗೆಯಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಚನ್ನವೀರ ಅದರೊಳಗೆ ಅವಿತುಕೊಂಡ.

ಅವನು ಬಾಗಲಕೋಟೆ ಕಡೆಯವನು. ಸುದ್ದಗುಂಟೆಪಾಳ್ಯದಲ್ಲಿ ಒಂದು ಬಾಡಿಗೆ ರೂಮು, ಬಿಟಿಎಂನ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಅಂಗಡಿ, ಗೋಡೌನು, ಕ್ಲಿನಿಕ್ಕು, ಎಲ್ಲಿ ಸರ್ವರ್ ಕೈಕೊಡುತ್ತದೋ ಅಲ್ಲಿಗೆ ಬೈಕಿನಲ್ಲಿ ಹೋಗಿ ಸರಿಮಾಡಿ ಬರಬೇಕು. ಅವಳು ಮಧುಶ್ರೀ, ಟ್ಯಾಂಕರ್‌ಗಳ ಯಜಮಾನ ಕೆಂಪರಾಜುವಿನ ಮಗಳು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಕೆಳಗೆ ಆಫೀಸು, ಮೇಲೆ ಮನೆ, ಗೇಟಿನ ಮುಂದೆ ಸಾಲಾಗಿ ಟ್ಯಾಂಕರ್‌ಗಳು.

"ಸರ್ವರ್ ಎಲ್ಲೈತ್ರಿ?"

ಅವಳು ಹಿಂದಿನ ಚಿಕ್ಕ ರೂಮಿನ ಕಡೆ ಕೈ ತೋರಿಸಿದಳು. ಒಳಗೆ ಹೋದವನು ಒಂದು ಕ್ಷಣ ನಿಂತೇಬಿಟ್ಟ. ಸರ್ವರ್‌ನ ಕಪ್ಪು ಪೆಟ್ಟಿಗೆಗೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ತಲೆ ಮೇಲೆ ಹಳದಿ ಸೇವಂತಿಗೆ. ಪಕ್ಕದಲ್ಲಿ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

"ನಮ್ಮಜ್ಜಿ," ಎಂದಳು ಮಧುಶ್ರೀ, ಹಿಂದಿನಿಂದ. "ಪ್ರತಿ ಶುಕ್ರವಾರ ಪೂಜೆ. ನಗ್ಬೇಡಿ."

"ನಗಾಕತ್ತಿಲ್ರಿ. ನಮ್ಮನ್ಯಾಗೂ ಟ್ರ್ಯಾಕ್ಟರ್‌ಗೆ ಮಾಡ್ತಾರ."

ಅವನು ಕುರ್ಚಿ ಎಳೆದುಕೊಂಡು ಟೈಪ್ ಮಾಡತೊಡಗಿದ. ಅವಳು ಬಾಗಿಲಿಗೆ ಒರಗಿ ನಿಂತಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು, ಹೋದವು. ಲಿನಕ್ಸ್ ಮೆಷೀನು ಅದೇ ಬೆಳಿಗ್ಗೆ ಆರಿ, ಮತ್ತೆ ಎದ್ದಿತ್ತು. ಮೆಷೀನಿನ ಜೊತೆ ಏಳಬೇಕಾದ ಡೇಟಾಬೇಸ್ ಮಾತ್ರ ಎದ್ದಿರಲಿಲ್ಲ.

"ನಿಮ್ಮ ಪಾಸ್‌ವರ್ಡ್ ಸರಿ ಐತ್ರಿ. ಅದನ್ನ ನೋಡಿ ಒಳಗ ಬಿಡೋದು ಡೇಟಾಬೇಸ್. ಅದಽ ಮಲಗೇತಿ. ಹೊರಗ ನಿಂತು ನೀವ್ ಎಷ್ಟ್ ಬಾಗಿಲಾ ಬಡದ್ರೂ ತೆಗಿಯೋರಿಲ್ಲ."

"ಮತ್ತೆ ಲಾಗಿನ್ ಫೇಲ್ಡ್ ಅಂತ ಯಾಕೆ ತೋರಿಸ್ಬೇಕು? ಬೆಳಿಗ್ಗೆಯಿಂದ ನನ್ನನ್ನ ನಾನೇ ಬೈಕೊಂಡೆ."

"ನನ್ನೂ ಬೈದ್ರಿ."

ಅವಳಿಗೆ ನಗು ಬಂತು. ಬಂದದ್ದನ್ನು ಕೆಳತುಟಿ ಕಚ್ಚಿ ತಡೆದಳು, ತಡೆದರೂ ಎಡಗೆನ್ನೆಯಲ್ಲಿ ಒಂದು ಗುಳಿ ಬಿದ್ದೇಬಿಟ್ಟಿತು. ಚನ್ನವೀರ ಅದನ್ನು ನೋಡಿ, ತಾನು ಯಾವ ಕಮಾಂಡ್ ಟೈಪ್ ಮಾಡುತ್ತಿದ್ದೆ ಎಂಬುದನ್ನು ಮರೆತ.

ಅವನು ಡೇಟಾಬೇಸ್ ಎಬ್ಬಿಸಿದ. ಅವಳು ಹೋಗಿ ಲಾಗಿನ್ ಮಾಡಿದಳು. "ಬಂತು," ಎಂದು ಆ ಕಡೆಯಿಂದ ಕೂಗಿದಳು. ಪ್ರಿಂಟರ್ ಟ್ರಿಪ್ ಚೀಟಿಗಳನ್ನು ಉಗುಳತೊಡಗಿತು. ಡ್ರೈವರ್ ದಾಸಪ್ಪ ಒಂದು ಚೀಟಿ ಹರಿದುಕೊಂಡು ಟ್ಯಾಂಕರ್ ಹತ್ತಿದ.

ಅಷ್ಟರಲ್ಲಿ ಮಂಗಮ್ಮಜ್ಜಿ ಮೆಟ್ಟಿಲು ಇಳಿದು ಬಂದರು. ಮೆಷೀನನ್ನು ಯಾರು ಆರಿಸಿದ್ದು ಎಂದು ಚನ್ನವೀರ ಕೇಳಿದ್ದಕ್ಕೆ ಅಜ್ಜಿ ಮುಚ್ಚುಮರೆ ಮಾಡಲಿಲ್ಲ.

"ನಾನೇ. ಕರೆಂಟು ಹರಿಯೋ ವಸ್ತುವಿಗೆ ಆರತಿ ಎತ್ತಬಾರ್ದು ಕಣಪ್ಪ. ಆ ಕೆಳಗಿನ ಬ್ಯಾಟ್ರಿ ಪೆಟ್ಟಿಗೇನೂ ಆರಿಸಿ, ಪೂಜೆ ಮುಗಿಸಿ, ಮತ್ತೆ ಹಾಕ್ತೀನಿ. ದೀಪ ಹತ್ಕೊಳ್ತಲ್ಲ, ನೋಡೇ ಹೋಗೋದು ನಾನು."

ದೀಪ ಹತ್ತಿಕೊಳ್ಳುತ್ತಿದ್ದುದು ನಿಜ. ಮೊದಲು ಈ ಮೆಷೀನು ಜೋಡಿಸಿದವನು ಯಾರೋ, ಎದ್ದ ಕೂಡಲೇ ಡೇಟಾಬೇಸನ್ನೂ ಎಬ್ಬಿಸು ಎಂದು ಹೇಳುವ ಒಂದು ಸಾಲು ಹಾಕಲು ಮರೆತಿದ್ದ. ಒಂದೇ ಸಾಲು. ಅದನ್ನು ಹಾಕಿದರೆ ಅಜ್ಜಿ ದಿನಕ್ಕೆ ಹತ್ತು ಸಲ ಆರತಿ ಎತ್ತಿದರೂ ತೊಂದರೆ ಇರಲಿಲ್ಲ. ಚನ್ನವೀರನ ಬೆರಳುಗಳು ಕೀಬೋರ್ಡಿನ ಮೇಲೆಯೇ ಇದ್ದವು.

ಮಧುಶ್ರೀ ಕಾಫಿ ಲೋಟ ತಂದಿಟ್ಟಳು. "ಇದು ಮತ್ತೆ ಬರುತ್ತಾ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದು, ಆ ಸಾಲು ಹಾಕಿ, ಕಾಫಿ ಕುಡಿದು ಎದ್ದು ಬರಬೇಕಿತ್ತು. ಅದಕ್ಕೇ ಅವನಿಗೆ ಸಂಬಳ.

"ಬರಬಹುದ್ರಿ," ಎಂದ. "ಬಂದ್ರ ನನ್ನ ನಂಬರಿಗೇ ಮಾಡ್ರಿ. ಆಫೀಸಿಗೆ ಮಾಡಿದ್ರ ಮತ್ತ ಕ್ಯಾಪ್ಸ್ ಲಾಕ್ ಅಂತಾರ."

ಪ್ರೀತಿಯಲ್ಲಿ ಬಿದ್ದವರಿಗೆ ಬುದ್ಧಿ ಇರುವುದಿಲ್ಲ ಎನ್ನುತ್ತಾರಲ್ಲ, ಅದು ಚನ್ನವೀರನ ವಿಷಯದಲ್ಲಿ ಸುಳ್ಳು. ಬುದ್ಧಿ ಬೇಕಾದಷ್ಟಿತ್ತು. ತೊಂದರೆಯಾದದ್ದೇ ಅದರಿಂದ.

ಮುಂದಿನ ಶುಕ್ರವಾರ ಫೋನ್ ಬಂತು. ಅದರ ಮುಂದಿನ ಶುಕ್ರವಾರವೂ ಬಂತು.

ಗುರುವಾರ ಸಂಜೆಯೇ ಅವನು ಅಂಗಿ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಎಲ್ಲರೂ ಬೈದುಕೊಳ್ಳುತ್ತಿದ್ದರೆ ಇವನೊಬ್ಬ ಬೈಕಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಹೋಗಿ, ಮಲಗಿದ್ದ ಡೇಟಾಬೇಸ್ ಎಬ್ಬಿಸಲು ಅರೆಗಳಿಗೆ ಸಾಕು. ಉಳಿದ ಹೊತ್ತೆಲ್ಲ, ಚೆಕ್ ಮಾಡಬೇಕು ಎನ್ನುವ ಹೆಸರಿನಲ್ಲಿ, ಅವಳ ಪಕ್ಕದ ಕುರ್ಚಿ.

"ಏನ್ ಚೆಕ್ ಮಾಡ್ತಿದೀರ ಇಷ್ಟೊತ್ತು?"

"ಲಾಗ್ ನೋಡಾಕತ್ತೀನ್ರಿ."

"ಲಾಗ್ ಆ ಕಡೆ ಸ್ಕ್ರೀನಲ್ಲಿದೆ. ನೀವು ಈ ಕಡೆ ನೋಡ್ತಿದೀರ."

ಅವನ ಕಿವಿ ಕೆಂಪಾಯಿತು. ಅವಳು ಏನೂ ಆಗಿಲ್ಲವೆಂಬಂತೆ ಫೋನ್ ಎತ್ತಿ, "ಹಲೋ, ಹಾ ಆಂಟಿ, ಇನ್ನರ್ಧ ಗಂಟೇಲಿ ಟ್ಯಾಂಕರ್ ಬರುತ್ತೆ," ಎಂದು ಮಾತಾಡುತ್ತಲೇ ಕೂದಲಿನಿಂದ ಪೆನ್ ಎಳೆದು ವಿಳಾಸ ಬರೆದುಕೊಂಡಳು. ಗಂಟು ಬಿಚ್ಚಿ ಕೂದಲು ಭುಜದ ಮೇಲೆ ಬಿತ್ತು. ಆಂಟಿ ಹೇಳಿದ ವಿಳಾಸವನ್ನು ಅವಳು ಎರಡು ಸಲ ಕೇಳಬೇಕಾಯಿತು. ಅಂದರೆ ಅವಳಿಗೂ ಗೊತ್ತಿತ್ತು, ಯಾರು ನೋಡುತ್ತಿದ್ದಾರೆ ಎಂದು.

ಅಜ್ಜಿಗೆ ಹುಡುಗ ಇಷ್ಟವಾಗಿದ್ದ. ಪೂಜೆಯ ಕಥೆಯನ್ನು ಅವನಿಗೆ ಅವರೇ ಹೇಳಿದರು.

"ಈ ರೂಮಿದೆಯಲ್ಲಾ, ಇಲ್ಲಿ ನಮ್ ಬಾವಿ ಇತ್ತು ಮಗ. ನಾನು ಮದ್ವೆಯಾಗಿ ಬಂದಾಗಿಂದ ಶುಕ್ರವಾರ ಶುಕ್ರವಾರ ಗಂಗಮ್ಮನ ಪೂಜೆ. ಆಮೇಲೆ ಬಾವಿ ಮುಚ್ಚುದ್ರು. ಬೋರ್‌ವೆಲ್‌ಗೆ ಮಾಡ್ದೆ. ಅದೂ ಬತ್ತೋಯ್ತು. ಈಗ ಎಲ್ಲಿಂದ್ಲೋ ನೀರು ತತ್ತಾರೆ, ಯಾರಿಗೆ ಎಷ್ಟು ಹೋಗ್ಬೇಕು ಅಂತ ಈ ಪೆಟ್ಟಿಗೆ ಹೇಳ್ತದೆ. ಇನ್ಯಾತಕ್ಕೆ ಮಾಡ್ಲಿ ಹೇಳು ಪೂಜೆ?"

ಹಾಗೆನ್ನುತ್ತಾ ಅವನ ಕೈಗೆ ಪ್ರಸಾದದ ಬಾಳೆಹಣ್ಣು ಇಟ್ಟರು. ಚನ್ನವೀರ ಅದನ್ನು ಸುಲಿಯುತ್ತಾ ಮೊದಲ ಸಲ ಲೆಕ್ಕ ಹಾಕಿದ. ಈ ಮುದುಕಿ ಶ್ರದ್ಧೆಯಿಂದ ಪೂಜೆ ಮಾಡುತ್ತಾಳೆ, ಅದರಿಂದಾಗಿ ವಾರಕ್ಕೊಮ್ಮೆ ಮೊಮ್ಮಗಳ ಕೆಲಸ ನಿಲ್ಲುತ್ತದೆ, ಅದರಿಂದಾಗಿ ನಾನು ಇಲ್ಲಿ ಬಂದು ಕೂರುತ್ತೇನೆ. ಮುಂದಿನ ವಾರ ಹಾಕಿಬಿಡುತ್ತೇನೆ ಆ ಸಾಲು, ಎಂದುಕೊಂಡ. ಮುಂದಿನ ವಾರ ಮಧುಶ್ರೀ ಹಸಿರು ಚೂಡಿದಾರ್ ಹಾಕಿಕೊಂಡಿದ್ದಳು. ಹಾಕಲಿಲ್ಲ.

ನಡುವೆ ಒಂದು ಶುಕ್ರವಾರ ಬೇರೆ ಗ್ರಾಹಕರ ಕೆಲಸಕ್ಕೆ ಜಯನಗರಕ್ಕೆ ಹೋಗಿದ್ದ. ಅವಳು ಅವನ ಆಫೀಸಿಗೆ ಫೋನ್ ಮಾಡಿದ್ದಳು, ಜೊತೆಯಲ್ಲಿ ಕೆಲಸ ಮಾಡುವ ಸುಮನ್ ಫೋನಿನಲ್ಲೇ ಏನೋ ಹೇಳಿ ಕೆಲಸ ಮುಗಿಸಿದ್ದ. ಅದರ ಮರುವಾರ ಅರೆಕೆರೆಯಿಂದ ಕರೆಯೇ ಬರಲಿಲ್ಲ. ಚನ್ನವೀರ ಮಧ್ಯಾಹ್ನದ ಊಟ ಬಿಟ್ಟು ಫೋನ್ ನೋಡಿದ. ಅಜ್ಜಿ ಯಾವುದೋ ಮದುವೆಗೆ ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡ. ಅದಾದ ಮೇಲಿನ ವಾರ ಕರೆ ಬಂದಾಗ ಆದ ಸಂತೋಷದಲ್ಲಿ ಯಾಕೆ ಏನು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ.

"ಮಗಾ, ಅವ್ಳು ಕರೆದ್ರೆ ಸಾಕು, ಫೋನ್ ಕಟ್ ಆಗೋದ್ರೊಳಗೆ ಅಲ್ಲಿರ್ತೀಯ," ಎಂದ ಸುಮನ್ ಒಂದು ದಿನ. "ಸ್ವಲ್ಪ ಕಾಯಿಸು ಗುರು. ಆಗ್ಲೇ ಬೆಲೆ."

ಈ ಮಾತನ್ನು ಬೇರೆ ಯಾರಾದರೂ ಕೇಳಿದ್ದರೆ ನಕ್ಕು ಬಿಡುತ್ತಿದ್ದರು. ನಮ್ಮ ಬುದ್ಧಿವಂತ ಕೇಳಿಸಿಕೊಂಡ.

ಬೇಸಿಗೆ ಏರಿತ್ತು. ಊರಿಗೆ ಊರೇ ಟ್ಯಾಂಕರ್ ಕಾಯುತ್ತಿತ್ತು. ಆ ಶುಕ್ರವಾರ ಚನ್ನವೀರ ಸುದ್ದಗುಂಟೆಪಾಳ್ಯದ ಟೀ ಅಂಗಡಿಯಲ್ಲಿ ಕೂತು, ಮೇಜಿನ ಮೇಲೆ ಫೋನ್ ಇಟ್ಟುಕೊಂಡು, ಅದು ರಿಂಗಾಗುವುದನ್ನು ನೋಡುತ್ತಿದ್ದ. ಮಧುಶ್ರೀ ಮೇಡಂ ಎಂಬ ಹೆಸರು ಹೊತ್ತಿಕೊಂಡಿತು, ಆರಿತು. ಮತ್ತೆ ಹೊತ್ತಿಕೊಂಡಿತು. ನನ್ನನ್ನು ಹುಡುಕುತ್ತಿದ್ದಾಳೆ ಎನ್ನುವುದು ಟೀಗಿಂತ ಸಿಹಿಯಾಗಿತ್ತು. ಇನ್ನೊಂದು ಟೀ ಹೇಳಿದ. ಆಮೇಲೆ ಫೋನ್ ಸುಮ್ಮನಾಯಿತು.

ನಿಧಾನಕ್ಕೆ ಬೈಕ್ ಓಡಿಸಿಕೊಂಡು ಅರೆಕೆರೆ ಮುಟ್ಟಿದಾಗ ಗೇಟಿನ ಮುಂದೆ ಒಂದೂ ಟ್ಯಾಂಕರ್ ಇರಲಿಲ್ಲ. ಆಫೀಸಿನೊಳಗೆ ಕೆಂಪರಾಜುವಿನ ಎದುರು ಒಬ್ಬ ಅಪರಿಚಿತ ಗಂಡಸು ನಿಂತಿದ್ದ. ಎರಡು ಕೈಯಲ್ಲಿ ಎರಡು ಖಾಲಿ ಕ್ಯಾನು.

"ನನ್ನ ಹೆಂಡ್ತಿ, ಹೆರಿಗೆ ಆಗಿರೋ ಹೆಂಗಸು ಸಾರ್. ಮೈ ತೊಳ್ಕೊಳ್ಳಕ್ಕೆ ನೀರಿಲ್ಲ. ಮಗೂಗೆ ಇನ್ನೂ ಮೊದಲ್ನೇ ಸ್ನಾನ ಆಗಿಲ್ಲ. ನರ್ಸ್‌ಗಳು ಕುಡಿಯೋ ಬಾಟ್ಲು ನೀರಲ್ಲಿ ಕೈ ತೊಳೀತವ್ರೆ. ಆರ್ಡರ್ ಹಾಕಿದೀವಿ ಅಂತಾರೆ, ನಿಮ್ಮ ಗಾಡಿ ಬರ್ಲೇ ಇಲ್ಲ." ಆತ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ಕುಮಾರಸ್ವಾಮಿ ಲೇಔಟಿನ ಒಂದು ಹೆರಿಗೆ ನರ್ಸಿಂಗ್ ಹೋಮ್. ಅವರ ಬೋರ್‌ವೆಲ್ ಹಿಂದಿನ ದಿನ ಕೈಕೊಟ್ಟಿತ್ತು. ಆಫೀಸು ಮುಚ್ಚಿದ ಮೇಲೆ ಅವರೇ ಆಪ್‌ನಲ್ಲಿ ಅರ್ಜೆಂಟ್ ಆರ್ಡರ್ ಹಾಕಿದ್ದರು. ಅದು ಸರ್ವರ್‌ಗೆ ಮಾತ್ರ ಗೊತ್ತು. ಬೆಳಿಗ್ಗೆ ಲಾಗಿನ್ ಆಗದೆ, ಚೀಟಿ ಬರದೆ, ಕೆಂಪರಾಜು ನೆನಪಿನ ಮೇಲೆ ದಿನಾ ತರಿಸುವ ಗಿರಾಕಿಗಳಿಗೆಲ್ಲ ಟ್ಯಾಂಕರ್ ಕಳಿಸಿದ್ದ. ನರ್ಸಿಂಗ್ ಹೋಮಿಗೆ ಯಾರೂ ಹೋಗಿರಲಿಲ್ಲ.

ಮಧುಶ್ರೀ ಚನ್ನವೀರನ ಕಡೆ ನೋಡಲಿಲ್ಲ. ಮುಖ ಬಿಳುಚಿಕೊಂಡಿತ್ತು. ಕೆಂಪರಾಜು ದಾಸಪ್ಪನಿಗೆ ಫೋನ್ ಮಾಡಿ, ಇರುವ ನೀರನ್ನು ಕುಮಾರಸ್ವಾಮಿ ಲೇಔಟಿಗೆ ತಿರುಗಿಸಲು ಹೇಳಿ, ಆ ಗಂಡಸಿನ ಕ್ಯಾನುಗಳನ್ನು ಮನೆಯ ಸಂಪಿನಿಂದ ತಾನೇ ತುಂಬಿಸಿಕೊಟ್ಟ. ಆತ ಸ್ಕೂಟರ್ ಹತ್ತಿ ಹೋದ ಮೇಲೆ ಕೆಂಪರಾಜು ಚನ್ನವೀರನ ಕಡೆ ತಿರುಗಿದ. ಹೊರಗೆ ಹೋಗಿದ್ದ ಡ್ರೈವರ್‌ಗಳು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಮೆಟ್ಟಿಲ ಹತ್ತಿರ ನಿಂತಿದ್ದರು.

"ಯಾಕಪ್ಪಾ ಇದು ಪದೇ ಪದೇ ನಿಂತೋಗುತ್ತೆ? ಏನು ಕಾರಣ ಹೇಳು."

ಚನ್ನವೀರ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಪವರ್ ಆಫ್ ಮಾಡ್ತಾರಲ್ರೀ," ಎಂದ. "ಪೂಜಿ ಮಾಡೋ ಮುಂದ. ಅದಕ್ಕಽ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಅಷ್ಟು ದೊಡ್ಡ ಸುಳ್ಳನ್ನು ಅವನು ಜನ್ಮದಲ್ಲಿ ಹೇಳಿರಲಿಲ್ಲ.

ಎಲ್ಲರ ಕಣ್ಣೂ ಮೆಟ್ಟಿಲ ಕಡೆ ಹೋಯಿತು.

"ನನ್ನಿಂದ್ಲಾ?" ಎಂದರು ಅಜ್ಜಿ. "ಆ ಬಾಣಂತಿಗೆ ನೀರಿಲ್ದಂಗೆ ಆಗಿದ್ದು ನನ್ನಿಂದ್ಲಾ?"

ಅಜ್ಜಿ ಹಿಂದಿನ ರೂಮಿಗೆ ಹೋಗಿ, ಸೆರಗಿನ ತುದಿಯಿಂದ ಪೆಟ್ಟಿಗೆಯ ಮೇಲಿನ ಕುಂಕುಮ ಒರೆಸಿದರು. ಹೂವು ತೆಗೆದರು. ಮೆಲ್ಲಗೆ ಮೆಟ್ಟಿಲು ಹತ್ತಿ ಹೋದರು. ಚನ್ನವೀರ ಡೇಟಾಬೇಸ್ ಎಬ್ಬಿಸಿ, ಯಾರ ಮುಖವನ್ನೂ ನೋಡದೆ ಬೈಕ್ ಹತ್ತಿದ. ಆ ಸಾಲನ್ನು ಆಗಲೂ ಹಾಕಲಿಲ್ಲ. ಅವರೆಲ್ಲರ ಎದುರಿಗೆ ಹಾಕಲು ಧೈರ್ಯ ಸಾಲಲಿಲ್ಲ.

ಆಮೇಲಿನ ದಿನಗಳಲ್ಲಿ ಅವನಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಸ್ನಾನಕ್ಕೆ ನಲ್ಲಿ ತಿರುಗಿಸಿದರೆ ಖಾಲಿ ಕ್ಯಾನು ಹಿಡಿದ ಆ ಗಂಡಸು ನೆನಪಾಗುತ್ತಿದ್ದ. ಟೀ ಅಂಗಡಿಯ ಮುಂದೆ ಹಾದುಹೋಗುವುದನ್ನೇ ಬಿಟ್ಟ. ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಮುಂದಿನ ಶುಕ್ರವಾರ ಅರೆಕೆರೆಯಿಂದ ಕರೆ ಬರಲಿಲ್ಲ. ಬರುವುದು ಹೇಗೆ? ಪೂಜೆ ಇಲ್ಲ, ಮೆಷೀನು ಆರುವುದಿಲ್ಲ, ಲಾಗಿನ್ ಸರಾಗ. ಬದಲಿಗೆ ಒಂದು ಮೆಸೇಜ್ ಬಂತು. "ಅಜ್ಜಿ ಅವತ್ತಿಂದ ಕೆಳಗೆ ಇಳಿದಿಲ್ಲ. ದೇವರ ಮನೆಗೂ ಹೋಗ್ತಿಲ್ಲ. ನನ್ನ ಕೈ ದೇವ್ರಿಗೆ ಬೇಡ ಅಂತಾರೆ."

ಅವನು ಅದನ್ನು ಓದಿ ಕೈಲಿದ್ದ ಕೆಲಸ ಸುಮನ್‌ಗೆ ಒಪ್ಪಿಸಿ ಹೊರಟ. ಹೇಳಿದರೆ ಮಧುಶ್ರೀ ಇನ್ನು ತನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಅವಳನ್ನು ನೋಡುವ ಮುಖ ತನಗಿಲ್ಲ. ದಾರಿಯುದ್ದಕ್ಕೂ ಇದೇ ಲೆಕ್ಕ, ಎತ್ತ ಕೂಡಿಸಿದರೂ ಅವಳು ಕೈತಪ್ಪುತ್ತಿದ್ದಳು.

ಅವಳು ಗೇಟಿನ ಹತ್ತಿರ ನಿಲ್ಲಿಸಿದ್ದ ಟ್ಯಾಂಕರಿನ ನೆರಳಲ್ಲಿ ನಿಂತಿದ್ದಳು. ಟ್ಯಾಂಕರ್ ಸೋರಿ ಕಾಲಬುಡದಲ್ಲಿ ನೆಲ ಒದ್ದೆಯಾಗಿತ್ತು.

"ನಾನು ಕರೆದಿಲ್ವಲ್ಲ," ಎಂದಳು.

"ಹೌದ್ರಿ. ಒಂದ್ ಮಾತ್ ಹೇಳಬೇಕಾಗೇತಿ. ಪೂರಾ ಕೇಳ್ರಿ, ಆಮ್ಯಾಲ ಬೈರಿ."

ಹೇಳಿದ. ಆ ಒಂದು ಸಾಲಿನ ವಿಷಯ. ಮೊದಲ ದಿನವೇ ಹಾಕಬಹುದಿತ್ತು, ಬೇಕೆಂದೇ ಬಿಟ್ಟೆ. ಯಾಕೆ ಬಿಟ್ಟೆ ಅಂದರೆ, ಹಾಕಿದರೆ ನೀವು ನನ್ನನ್ನು ಕರೆಯುವುದಿಲ್ಲ. ನಿಮ್ಮನ್ನು ನೋಡದೆ ಇರಲಿಕ್ಕೆ ಆಗುತ್ತಿರಲಿಲ್ಲ. ಅವತ್ತು ನೀವು ಫೋನ್ ಮಾಡಿದಾಗ ನಾನು ಯಾವ ಕೆಲಸದಲ್ಲೂ ಇರಲಿಲ್ಲ, ಟೀ ಕುಡಿಯುತ್ತಾ ಫೋನ್ ನೋಡುತ್ತಾ ಕೂತಿದ್ದೆ. ತಪ್ಪು ಅಜ್ಜಿದಲ್ಲ.

ಅವಳು ಅಳುತ್ತಾಳೆ ಎಂದುಕೊಂಡಿದ್ದ, ಇಲ್ಲವೇ ಹೊಡೆಯುತ್ತಾಳೆ. ಅವಳು ಟ್ಯಾಂಕರಿಗೆ ಒರಗಿ ಕಣ್ಣು ಮುಚ್ಚಿದಳು.

"ನಂಗೊತ್ತಿತ್ತು," ಎಂದಳು.

"ಏನ್ರೀ?"

"ಆ ಲೈನ್. ನೀವು ಬರದೇ ಇದ್ದಾಗ ನಿಮ್ಮ ಸುಮನ್ ಫೋನಲ್ಲಿ ಹೇಳಿದ್ರು. ಮೇಡಂ, ಇದನ್ನ ಹೊಡೆದ್ರೆ ಜನ್ಮದಲ್ಲಿ ಮತ್ತೆ ತೊಂದ್ರೆ ಬರಲ್ಲ, ನಮ್ಮ ಚನ್ನ ಯಾಕೆ ಹಾಕಿಲ್ವೋ ಅಂದ್ರು. ಹಾಕ್ದೆ. ಮುಂದಿನ ಶುಕ್ರವಾರ ಅಜ್ಜಿ ಪೂಜೆ ಮಾಡಿದ್ರು, ಮೆಷೀನ್ ಎದ್ದು ತಾನೇ ಸರಿಯಾಯ್ತು. ನೀವು ಬರ್ಲಿಲ್ಲ."

ಅವಳು ಚಪ್ಪಲಿಯ ತುದಿಯಿಂದ ಒದ್ದೆ ನೆಲ ಕೆದಕಿದಳು.

"ಅವತ್ತು ಇಡೀ ದಿನ ನಂಗೆ ಏನೂ ಕೆಲಸ ಮಾಡಕ್ಕಾಗ್ಲಿಲ್ಲ. ಸಂಜೆ ಸುಮನ್‌ಗೆ ಫೋನ್ ಮಾಡಿ, ಅದನ್ನ ವಾಪಸ್ ತೆಗೆಯೋದು ಹೇಗೆ ಅಂತ ಕೇಳ್ದೆ. ಸುಮ್ನೆ ತಿಳ್ಕೊಳ್ಳೋಕೆ ಅಂದೆ. ತೆಗೆದೆ."

ಚನ್ನವೀರನಿಗೆ ಸಂತೋಷವಾಗಬೇಕಿತ್ತು. ತಾನು ಪ್ರೀತಿಸಿದ ಹುಡುಗಿಯೂ ತನ್ನನ್ನು ಪ್ರೀತಿಸಿದ್ದಾಳೆ ಎಂದು ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ಒಂದು ಗಳಿಗೆ ಸಂತೋಷವಾಯಿತು ಕೂಡ. ಅದರ ಹಿಂದೆಯೇ ಖಾಲಿ ಕ್ಯಾನುಗಳು ಬಂದವು.

"ಅವತ್ತೂ," ಎಂದಳು ಅವಳು. "ನೀವು ಫೋನ್ ತೆಗೀದೇ ಇದ್ದಾಗ ನಾನೇ ಅದನ್ನ ಹೊಡೆದು, ಮೆಷೀನ್ ಆಫ್ ಆನ್ ಮಾಡಿದ್ರೆ ಮುಗೀತಿತ್ತು. ಗೊತ್ತಿದ್ದೂ ಮಾಡ್ಲಿಲ್ಲ. ಬರ್ಲಿ, ಯಾಕೆ ಬರಲ್ಲ ನೋಡೇಬಿಡೋಣ ಅಂತ ಹಠ ಹಿಡಿದು ಕೂತೆ. ನೀವು ಅಲ್ಲಿ ಕೂತಿದ್ರಿ, ನಾನು ಇಲ್ಲಿ ಕೂತಿದ್ದೆ. ಆಮೇಲೆ ಎಲ್ರೂ ಅಜ್ಜಿ ಕಡೆ ನೋಡಿದಾಗ ನಾನೂ ನೋಡ್ದೆ. ನೀವು ಬಾಯಿ ಬಿಡ್ಲಿಲ್ಲ ಅಂತ ನಿಮ್ಮ ಮೇಲೆ ಸಿಟ್ಟು ಬರ್ಬೇಕು ಅಲ್ವಾ? ಬರಲ್ಲ. ನನ್ನ ಮೇಲೇನೇ ಬರ್ತಿದೆ."

ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ.

"ಈಗ ಬೇಡ," ಎಂದಳು. "ಮೊದ್ಲು ಮೇಲೆ ಹೋಗೋಣ."

ಮಂಗಮ್ಮಜ್ಜಿ ಹಾಲಿನಲ್ಲಿ ಗೋಡೆಗೆ ಒರಗಿ ಅವರೆಕಾಳು ಆರಿಸುತ್ತಿದ್ದರು. ಇಬ್ಬರೂ ಎದುರಿಗೆ ನೆಲದ ಮೇಲೆ ಕೂತರು. ಮೊದಲು ಅವನು ಹೇಳಿದ, ಆಮೇಲೆ ಅವಳು. ಅಜ್ಜಿ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಮೊರ ಪಕ್ಕಕ್ಕಿಟ್ಟರು.

"ಅಂದ್ರೆ ನನ್ ಪೂಜೆಯಿಂದ ಆಗಿದ್ದಲ್ಲ."

"ಅಲ್ರಿ ಅಜ್ಜಿ."

"ಗಂಗಮ್ಮ ನನ್ ಮೇಲೆ ಮುನಿಸ್ಕೊಂಡವ್ಳೆ ಅನ್ಕೊಂಡಿದ್ದೆ. ಈ ವಯಸ್ಸಲ್ಲಿ ಒಂದು ಬಾಣಂತಿ ಶಾಪ ತಗಂಡೆ ಅಂತ ನಿದ್ದೆ ಇಲ್ಲ ನಂಗೆ." ಅವರ ಕಣ್ಣು ತುಂಬಿತು, ಸಿಟ್ಟಿನಿಂದಲೋ ಸಮಾಧಾನದಿಂದಲೋ. "ನಿಮಗೆ ಒಬ್ರನ್ನೊಬ್ರು ನೋಡ್ಬೇಕಿದ್ರೆ ನೋಡ್ಕೊಳ್ರಪ್ಪ. ಮಧ್ಯೆ ನನ್ನ ದೇವ್ರನ್ನ ಯಾಕೆ ನಿಲ್ಲಿಸಿದ್ರಿ?"

ಮಧುಶ್ರೀ ಕಾಲು ಮುಟ್ಟಲು ಬಗ್ಗಿದಳು, ಅಜ್ಜಿ ಕಾಲು ಮಡಚಿಕೊಂಡರು.

"ನನ್ನ ಹತ್ರ ಗುಟ್ಟಾಗಿ ಹೇಳಿದ್ರೆ ಆಗಲ್ಲ," ಎಂದರು. "ಅವತ್ತು ಡ್ರೈವರ್‌ಗಳ ಮುಂದೆ ನಿಲ್ಸಿದ್ರಿ ನನ್ನ. ಅವರ ಮುಂದೇನೇ ಹೇಳ್ಬೇಕು."

ಸಂಜೆ ಟ್ಯಾಂಕರ್‌ಗಳೆಲ್ಲ ಬಂದು ನಿಂತ ಮೇಲೆ ಅಜ್ಜಿ ವಾರದ ಮೇಲೆ ಮೊದಲ ಸಲ ಕೆಳಗಿಳಿದು, ಕುರ್ಚಿ ಹಾಕಿಸಿಕೊಂಡು ಕೂತರು. ಚನ್ನವೀರ ನಿಂತು ಹೇಳಿದ. ಅವನ ಮಾತು ಮುಗಿಯುವ ಮುಂಚೆಯೇ ಮಧುಶ್ರೀ ಬಂದು ಅವನ ಪಕ್ಕದಲ್ಲಿ ನಿಂತು, "ಅಪ್ಪಾ, ಅರ್ಧ ನಂದು," ಎಂದು ತನ್ನದನ್ನೂ ಹೇಳಿದಳು. ದಾಸಪ್ಪ ನೆಲ ನೋಡಿದ. ಕೆಂಪರಾಜುವಿನ ಮುಖ ಕೆಂಪಾಯಿತು, ಕಪ್ಪಾಯಿತು.

"ನನಗ್ಯಾಕೆ ಹೇಳ್ತೀರಾ?" ಎಂದ ಕೊನೆಗೆ. "ನೀರಿಲ್ದೆ ಒದ್ದಾಡಿದ್ದು ನಾನಲ್ಲ. ಅಲ್ಲೋಗಿ ಹೇಳಿ."

ಮರುದಿನ ಬೆಳಿಗ್ಗೆ ದಾಸಪ್ಪನ ಟ್ಯಾಂಕರಿನಲ್ಲಿ ಇಬ್ಬರೂ ಕುಮಾರಸ್ವಾಮಿ ಲೇಔಟಿಗೆ ಹೋದರು. ನರ್ಸಿಂಗ್ ಹೋಮಿನ ಹಿರಿಯ ನರ್ಸ್ ಕಾರಿಡಾರಿನಲ್ಲಿ ನಿಲ್ಲಿಸಿಕೊಂಡೇ ಕೇಳಿದರು. ಬಾಣಂತಿ ಮಗು ಎತ್ತಿಕೊಂಡು ಆಗಲೇ ಮನೆಗೆ ಹೋಗಿದ್ದಳು, ಇಬ್ಬರೂ ಚೆನ್ನಾಗಿದ್ದರು. "ನಾವು ಬೇರೆಯವರ ಹತ್ರ ನೀರು ತರಿಸ್ತಿದೀವಿ," ಎಂದರು ನರ್ಸ್. "ನಿಮ್ಮನ್ನ ಕ್ಷಮಿಸೋಕೆ ನಂಗೆ ಟೈಮಿಲ್ಲ. ಹೋಗಿ." ತಂದಿದ್ದ ನೀರನ್ನು ಮಾತ್ರ ಸಂಪಿಗೆ ಬಿಡಲು ಒಪ್ಪಿದರು. ಸಂಪು ತುಂಬುವವರೆಗೂ ಚನ್ನವೀರ ಪೈಪು ಹಿಡಿದು ನಿಂತಿದ್ದ. ವಾಪಸು ಬರುವಾಗ ಮಧುಶ್ರೀ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಈ ಸಲ ಅವನ ಕೈಯನ್ನು ಅವಳೇ ಹುಡುಕಿ ಹಿಡಿದಳು, ಬನಶಂಕರಿ ದಾಟಿದರೂ ಬಿಡಲಿಲ್ಲ. ದಾಸಪ್ಪ ರಸ್ತೆಯ ಮೇಲೆ ಕಣ್ಣಿಟ್ಟು ಗಾಡಿ ಓಡಿಸಿದ.

ಆಫೀಸಿನಲ್ಲಿ ಕೆಂಪರಾಜು ಕಾಯುತ್ತಿದ್ದ. "ಹಾಕು ಅದೇನೋ ಲೈನು."

ಎಲ್ಲರೂ ನೋಡುತ್ತಿರುವಾಗ ಚನ್ನವೀರ ಅದನ್ನು ಟೈಪ್ ಮಾಡಿದ. ಅಜ್ಜಿಯನ್ನು ಕರೆದು ಮೆಷೀನು ಆರಿಸಲು ಹೇಳಿದರು. ಅವರು ಹೆದರಿ ಹೆದರಿ ಆರಿಸಿ, ಮತ್ತೆ ಹಾಕಿದರು. ಮಧುಶ್ರೀ ಲಾಗಿನ್ ಮಾಡಿದಳು. ಸಲೀಸಾಗಿ ತೆರೆದುಕೊಂಡಿತು.

"ಇನ್ಮೇಲೆ ನೀನು ಇಲ್ಲಿಗೆ ಬರೋ ಕೆಲ್ಸ ಇಲ್ಲ ತಾನೇ?" ಎಂದ ಕೆಂಪರಾಜು.

"ಇಲ್ರಿ," ಎಂದ ಚನ್ನವೀರ.

ವಾರವೆಲ್ಲ ಕೆಂಪರಾಜು ಮಗಳ ಜೊತೆ ಮಾತು ಬಿಟ್ಟ. ಅವಳು ಸುಮ್ಮನೆ ಕೆಲಸ ಮಾಡಿದಳು. ಚನ್ನವೀರ ಫೋನ್ ಮಾಡಲಿಲ್ಲ. ಮಾಡುವ ಹಕ್ಕು ತನಗಿಲ್ಲ ಅನಿಸಿತ್ತು, ಆದರೂ ಪ್ರತಿ ರಿಂಗಿಗೂ ಜೀವ ಎದ್ದು ಕೂರುತ್ತಿತ್ತು.

ಶುಕ್ರವಾರ ಬಂತು. ಅಜ್ಜಿ ಆರತಿ ಎತ್ತಿದರು, ಮೆಷೀನು ಎದ್ದಿತು, ಚೀಟಿಗಳು ಬಂದವು, ಟ್ಯಾಂಕರ್‌ಗಳು ಹೊರಟವು. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ. ಆ ಹೊತ್ತಿಗೆ ಚನ್ನವೀರ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಬ್ಯಾಗಿಲ್ಲ, ಲ್ಯಾಪ್‌ಟಾಪಿಲ್ಲ.

ಮಧುಶ್ರೀ ಟೈಪ್ ಮಾಡುತ್ತಿದ್ದವಳು ನಿಲ್ಲಿಸಿದಳು. ಕೆಂಪರಾಜು ಕಣ್ಣೆತ್ತಿದ. "ಏನ್ ಕೆಲ್ಸ?"

"ಕೆಲಸ ಏನೂ ಇಲ್ರಿ," ಎಂದ ಚನ್ನವೀರ. "ಮಧುಶ್ರೀ ಅವರನ್ನ ನೋಡಾಕ ಬಂದೀನ್ರಿ. ನಮ್ಮಪ್ಪ ಅವ್ವಗ ಹೇಳೀನಿ. ನೀವು ಹೂಂ ಅಂದ್ರ ಬರ್ತಾರ. ಬ್ಯಾಡ ಅಂದ್ರ ನಾ ಹೋಗ್ತೀನ್ರಿ, ಆದ್ರ ಇನ್ಮ್ಯಾಲ ನೆಪ ಹೇಳಿ ಬರಂಗಿಲ್ಲ."

ಫೋನ್ ರಿಂಗಾಯಿತು, ಕೆಂಪರಾಜು ಎತ್ತಲಿಲ್ಲ. ಮಧುಶ್ರೀಯ ಕಣ್ಣು ಅಪ್ಪನ ಮೇಲಿತ್ತು. ಆ ಆಫೀಸಿನಲ್ಲಿ ಫೋನನ್ನು ಯಾರೂ ಅಷ್ಟು ಹೊತ್ತು ಬಡಿದುಕೊಳ್ಳಲು ಬಿಟ್ಟದ್ದಿಲ್ಲ.

ಮಾತು ಬಂದದ್ದು ಹಿಂದಿನ ರೂಮಿನಿಂದ. ಆರತಿ ತಟ್ಟೆ ಹಿಡಿದು ಮಂಗಮ್ಮಜ್ಜಿ ಹೊರಗೆ ಬಂದರು.

"ಕೆಲ್ಸ ಇಲ್ದೇ ಬರೋರು ಆಫೀಸಿಗ್ಯಾಕೆ ಬರ್ತಾರೋ? ಮನೆಗೆ ಬರ್ತಾರೆ," ಎಂದರು. "ಇವತ್ತು ಶುಕ್ರವಾರ, ನಮ್ಮನೇಲೂ ಬಾಡಿಲ್ಲ, ಸೊಪ್ಪಿನ ಸಾರೇ. ಬಾಡು ಮುಟ್ಟದ ನೀನೂ ತಿನ್ಬೋದು. ಬಾ ಮೇಲಕ್ಕೆ." ಮಗನ ಕಡೆ ತಿರುಗಿ, "ಫೋನ್ ಎತ್ತೋ, ಯಾರಿಗೋ ನೀರು ಬೇಕಾಗದೆ," ಎಂದರು.

ಕೆಂಪರಾಜು ಫೋನ್ ಎತ್ತಿದ. ಬೇಡ ಎನ್ನಲಿಲ್ಲ. ಚನ್ನವೀರ ಅಜ್ಜಿಯ ಹಿಂದೆ ಮೆಟ್ಟಿಲು ಹತ್ತಿದ, ಅವನ ಹಿಂದೆ ಮಧುಶ್ರೀ. ಇಬ್ಬರೂ ತಲೆ ತಗ್ಗಿಸಿಯೇ ಇದ್ದರು.